ಮಾಂಟ್ರಿಯಲ್ ರಿಟರ್ನ್

“ನನ್ನ ಮಗಳಿಗಿ ಮೂಗಿ ಮಾಡಿ ಕಳಿಸ್ತೀರೇನು ಅಲ್ಲಿಗಿ?”

ಮಾಪಣ್ಣ ಮೇಜಿನ ಮೇಲೆ ಅಂಗೈ ಅಪ್ಪಳಿಸಿದ. ಮೇಜಿನ ಗಾಜಿನ ಕೆಳಗಿದ್ದ ಕೆನಡಾದ ಧ್ವಜ ಅಲುಗಲಿಲ್ಲ. ಮೇಲಿದ್ದ ಚಹಾದ ಗ್ಲಾಸು ಅಲುಗಿತು. ಸಿಟ್ಟು ನೆತ್ತಿಗೇರಿದರೆ ಈ ಮನುಷ್ಯನ ಹಿಂದಿ ಮುಗಿದು ಕಲಬುರಗಿ ಕಡೆಯ ಕನ್ನಡ ಶುರುವಾಗುತ್ತಿತ್ತು. ಮುಂಬಯಿ ಬದಿಯ ಕಲ್ಯಾಣದಲ್ಲಿ ಕೂತು ಹುಡುಗರನ್ನು ಕೆನಡಾದ ಕಾಲೇಜುಗಳಿಗೆ ಕಳಿಸುವ ಏಜೆಂಟ್ ಹಿತೇಶನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದ್ದರಿಂದ ಅವನು ನಗುತ್ತ ಕೂತಿದ್ದ.

“ಪಪ್ಪಾ, ಹಿಂದೀ ಮೇ ಬೋಲೋ ನಾ,” ಎಂದಳು ಭಾಗ್ಯಾ, ತಲೆ ಎತ್ತದೆ.

“ಹಿಂದಿ ಒಳಗ ಬೈದ್ರ ನಂಗ ಬೈದಂಗs ಆಗಲ್ಲವ್ವ,” ಎಂದು ಮಗಳಿಗೆ ಹೇಳಿ, ಮತ್ತೆ ಹಿತೇಶನ ಕಡೆ ತಿರುಗಿ ತನ್ನ ಹರುಕು ಹಿಂದಿ ಜೋಡಿಸಿಕೊಂಡ. “ಹಿತೇಶ್ ಭಾಯ್, ತುಮ್ ಬೋಲಾ ಅಂಗ್ರೇಜಿ ಕಾಲೇಜ್. ಮಾರ್ಕೆಟ್ ಮೇ ಸಬ್ ಬೋಲತಾ, ಉಧರ್ ಫ್ರೆಂಚ್ ನಹೀ ಆಯಾ ತೋ ಝಾಡೂ ಕಾ ಕಾಮ್ ಭೀ ನಹೀ.”

“ಅಂಕಲ್, ಅದು ಎರಡು ಭಾಷೆಯ ಊರು,” ಎಂದ ಹಿತೇಶ್ ಹಿಂದಿಯಲ್ಲಿ, ಮಗುವಿಗೆ ಹೇಳುವ ಹಾಗೆ. “ನಮ್ಮ ಕಲ್ಯಾಣ ಇದ್ದ ಹಾಗೆ. ನಿಮಗೆ ಮರಾಠಿ ನೆಟ್ಟಗೆ ಬರುತ್ತದೆಯೆ? ಆದರೂ ಇಷ್ಟು ವರ್ಷ ಹಮಾಲರನ್ನು ಆಳುವ ಮುಕದ್ದಮ್ ಆಗಿದ್ದೀರಿ. ನಡೆಯುತ್ತದೆ ಅಂಕಲ್. ಬೇಕಾದರೆ ಭುಜಂಗ್ ಸರ್‌ನ ಕೇಳಿ. ಅವರು ಅಲ್ಲೇ ಇದ್ದು ಬಂದವರು.”

ಮೂವರೂ ಬಾಗಿಲ ಕಡೆ ನೋಡಿದರು. ಅಲ್ಲಿ ಫ್ರೆಂಚ್ ಕಲಿಸುವ ಭುಜಂಗ ಕೈಯಲ್ಲಿ ಮಾರ್ಕರ್ ಪೆನ್ನು ಹಿಡಿದು ಬರಿಗಾಲಲ್ಲಿ ನಿಂತಿದ್ದ. ಒಳಗೆ ಕಾರ್ಪೆಟ್ಟು, ಗೋಡೆಗೆ ಲಕ್ಷ್ಮಿ. ಹೀಗಾಗಿ ಹಿತೇಶನ ಆಫೀಸಿನಲ್ಲಿ ಮಾಲಕನಿಂದ ಹಿಡಿದು ಮೇಷ್ಟರವರೆಗೆ ಎಲ್ಲರೂ ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಟ್ಟು ಬರಬೇಕಿತ್ತು.

“ನಾಲ್ಕು ದೊಡ್ಡ ವಿಶ್ವವಿದ್ಯಾಲಯಗಳಿವೆ,” ಎಂದು ಭುಜಂಗ ಮೇಜಿನ ಹತ್ತಿರ ಬಂದು ನಿಂತು ಹಿಂದಿಯಲ್ಲಿ ಶುರು ಮಾಡಿದ. ಅವನ ಹಿಂದಿಗೆ ಯಾವ ಊರಿನ ವಾಸನೆಯೂ ಇರಲಿಲ್ಲ. ಸ್ಟೇಶನ್ನಿನ ಮೈಕಿನಲ್ಲಿ ಬರುವ ಹಿಂದಿಯ ಹಾಗಿತ್ತು. “ಎರಡು ಇಂಗ್ಲಿಷಿನವು, ಎರಡು ಫ್ರೆಂಚಿನವು. ಮಧ್ಯೆ ಒಂದು ಗುಡ್ಡ. ಬಹಳ ಸುಂದರವಾದ ನಗರ.”

“ಅವು ಇರ್ಲಿ. ಇಕೀ ಹೋಗೋ ಕಾಲೇಜು ಆ ನಾಕರಾಗ ಅದನೋ ಇಲ್ಲೋ?” ಎಂದ ಮಾಪಣ್ಣ, ಭಾಷೆ ಮರೆತು.

ಭುಜಂಗನಿಗೆ ಪ್ರಶ್ನೆ ಪೂರ್ತಿ ತಿಳಿಯಿತು. ತಿಳಿಯದವನಂತೆ ಹುಬ್ಬು ಏರಿಸಿದ. ಹತ್ತಾರು ವರ್ಷಗಳಿಂದ ಅಭ್ಯಾಸವಾದ ಹುಬ್ಬು ಅದು.

ಹಿತೇಶ್ ಗೋಡೆಯ ಗಡಿಯಾರ ನೋಡಿದ. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದ. ಹೂಂ ಅಂದರೆ ಮಾಪಣ್ಣ ತನ್ನ ಸಂಸಾರವಿದ್ದ ವಿಠ್ಠಲವಾಡಿಯ ಖೋಲಿ ಮಾರಬೇಕು. ಅಷ್ಟು ಎಲ್ಲರಿಗೂ ಗೊತ್ತಿತ್ತು.

ಮಾಪಣ್ಣ ಎದ್ದ. ಏಳುವಾಗ ಮೊಣಕೈ ತಾಗಿ ಗ್ಲಾಸು ಉರುಳಿತು. ಚಹಾ ಗಾಜಿನ ಮೇಲೆ ಹರಿದು ಅಂಚಿಗೆ ಬಂತು.

“ಕಾಲ್ ತಗಿ, ಸುಡ್ತದ,” ಎಂದ ಮಗಳಿಗೆ.

ಭಾಗ್ಯಾ ಕದಲಲಿಲ್ಲ. ಅವಳು ಮೇಜಿನ ಆಚೆ ಬದಿಗಿದ್ದಳು. ಸರಕ್ಕನೆ ಹಿಂದೆ ಸರಿದದ್ದು ಭುಜಂಗನ ಕಾಲು. ಚಹಾ ಅದೇ ಜಾಗದಲ್ಲಿ, ಆ ಕಾಲು ಇದ್ದಲ್ಲೇ, ಕಾರ್ಪೆಟ್ಟಿನ ಮೇಲೆ ಸುರಿಯಿತು.

ಮಾಪಣ್ಣ ಆ ಕಾಲನ್ನು ನೋಡಿದ. ಆಮೇಲೆ ನಿಧಾನಕ್ಕೆ ಮುಖ ನೋಡಿದ. ಅವನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು.

“ಸಂಜಿಗಿ ಬರ್ತೀನಿ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಮೆಟ್ಟಿಲಿಳಿದ.

*

ಕೆಳಗೆ, ಸೀರೆ ಅಂಗಡಿಯ ನೆತ್ತಿಯ ಮೇಲೆ, ಬೋರ್ಡು ಇತ್ತು. ಅದರಲ್ಲಿ ಭುಜಂಗನ ಕೋಟು ತೊಟ್ಟ ಚಿತ್ರ, ಪಕ್ಕದಲ್ಲಿ ‘ಮಾಂಟ್ರಿಯಲ್ ರಿಟರ್ನ್ ಭುಜಂಗ್ ಸರ್’. ಕೋಟು ಫೋಟೋ ಸ್ಟುಡಿಯೋದ್ದು. ಮಾಂಟ್ರಿಯಲ್ ಹಿತೇಶನದ್ದು. ಬರೆಸುವ ಮುಂಚೆ ಅವನು ಕೇಳಿರಲಿಲ್ಲ, ಬರೆಸಿದ ಮೇಲೆ ಭುಜಂಗ ಬೇಡ ಅನ್ನಲಿಲ್ಲ. ಮೊದಲ ವಾರ ನಾಚಿಕೆಯಾಗಿ ಬೋರ್ಡಿನ ಕೆಳಗೆ ತಲೆ ತಗ್ಗಿಸಿ ನಡೆದ. ಎರಡನೆಯ ವಾರ ತಲೆ ಎತ್ತಿದ. ನಾಚಿಕೆಗೂ ಒಂದು ಆಯುಷ್ಯ ಇರುತ್ತದೆ, ಬಹಳವೇನಿಲ್ಲ.

ಅವನ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆಯೂ ಇಲ್ಲ. ಸಿಂದಗಿ ಕಡೆಯ ಹಳ್ಳಿಯಿಂದ ಮುಂಬಯಿಗೆ ಓದಲು ಬಂದಾಗ ಬೇರೆಲ್ಲ ವಿಷಯಕ್ಕೂ ನೂಕುನುಗ್ಗಲಿತ್ತು. ಫ್ರೆಂಚ್‌ಗೆ ಇರಲಿಲ್ಲ. ಹೊಕ್ಕ. ಒಗ್ಗಿತು. ತನ್ನನ್ನು ಯಾರೂ ಗುರುತು ಹಿಡಿಯದ ಮನೆಯೊಂದು ಸಿಕ್ಕಿದಂತಾಗಿ ಅದರಲ್ಲೇ ಉಳಿದ. ಒಮ್ಮೆ ಮಾಂಟ್ರಿಯಲ್‌ನ ಫ್ರೆಂಚ್ ವಿಶ್ವವಿದ್ಯಾಲಯವೊಂದಕ್ಕೆ ಸಂಶೋಧನೆಗೆ ಅರ್ಜಿ ಹಾಕಿದ. ಫ್ರೆಂಚಿನಲ್ಲೇ, ಒಂದೊಂದು ಸಾಲನ್ನೂ ತೂಗಿ ತೂಗಿ ಬರೆದಿದ್ದ. ಇಲ್ಲ ಎಂದು ಉತ್ತರ ಬಂತು. ಬಂದದ್ದು ಇಂಗ್ಲಿಷಿನಲ್ಲಿ.

ಊರು ಕೈಗೆ ಸಿಗದ ಮೇಲೆ ಅವನು ಅದನ್ನು ಬಾಯಿಪಾಠ ಮಾಡಿದ. ನೆಲದೊಳಗಿನ ರೈಲಿನ ಸ್ಟೇಶನ್ನುಗಳನ್ನು ಒಂದೂ ಬಿಡದೆ ಹೇಳಬಲ್ಲ. ಯಾವ ಕಾಲೇಜಿಗೆ ಎಲ್ಲಿಳಿಯಬೇಕು, ಯಾವ ರಸ್ತೆಯಿಂದಾಚೆ ಇಂಗ್ಲಿಷು, ಯಾವ ರಸ್ತೆಯಿಂದೀಚೆ ಫ್ರೆಂಚು, ಅಂಗಡಿಗೆ ಹೋದರೆ ಎರಡೂ ಭಾಷೆಯಲ್ಲಿ ಹೇಗೆ ನಮಸ್ಕಾರ ಹೇಳುತ್ತಾರೆ ಎಲ್ಲ ಗೊತ್ತು. ಹುಡುಗರು ಕೇಳಿದರೆ ತಾನು ಬಾಡಿಗೆಗಿದ್ದ ಬೀದಿಯ ಹೆಸರನ್ನೂ ಹೇಳುತ್ತಿದ್ದ. ನಕಾಶೆಯಲ್ಲಿ ನೋಡಿ ಹೆಸರಿನ ಚಂದಕ್ಕೆ ಆರಿಸಿದ ಬೀದಿ ಅದು. ಹಿಮದ ಇಳಿಜಾರು ಎಂದು ಅರ್ಥ. ಮನೆ ನಂಬರನ್ನೂ ಕೊಟ್ಟಿದ್ದ. ಸುಳ್ಳಿಗೆ ನಂಬರು ಇದ್ದರೆ ಕೇಳುವವನಿಗೆ ಸಮಾಧಾನ.

ಘಣಸೋಲಿಯ ತನ್ನ ಒಂಟಿ ಕೋಣೆಯ ಎದುರಿನ ರಸ್ತೆಗೆ ಏನು ಹೆಸರಿದೆಯೋ ಅವನಿಗೆ ಗೊತ್ತಿಲ್ಲ.

ಬೆಳಗಿನ ತರಗತಿಯಲ್ಲಿ ಅವನು ಬೋರ್ಡಿನ ಮೇಲೆ ನದಿ ಎಳೆದ, ಗುಡ್ಡ ಎಳೆದ, ಗುಡ್ಡದ ಸುತ್ತ ನಾಲ್ಕು ಚೌಕ ಇಟ್ಟ. ಆಮೇಲೆ ಸ್ಪೀಕರ್ ಹಚ್ಚಿದ. ಆ ಊರಿನ ರೈಲಿನ ಹೆಣ್ಣುದನಿ ಒಂದೊಂದೇ ಸ್ಟೇಶನ್ನಿನ ಹೆಸರು ಹೇಳಿತು. ಡೊಂಬಿವಲಿ, ಉಲ್ಲಾಸನಗರ, ಟಿಟವಾಳಾದ ಹುಡುಗ ಹುಡುಗಿಯರು ಒಟ್ಟಾಗಿ ಅದರ ಹಿಂದೆಯೇ ಹೇಳಿದರು. ಭಾಗ್ಯಾಳ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಅವಳು ಕಣ್ಣು ಮುಚ್ಚಿದ್ದಳು. ಮುಚ್ಚಿದ ಕಣ್ಣೊಳಗೆ ಅವಳು ಒಂದೊಂದು ಸ್ಟೇಶನ್ನಿನಲ್ಲೂ ಇಳಿಯುತ್ತಿದ್ದಳು.

ಭುಜಂಗ ತನ್ನ ಬಲಗಾಲನ್ನು ನೋಡಿಕೊಂಡ. ತನ್ನನ್ನು ಕೇಳದೆ ಯಾಕೆ ಸರಿಯಿತು ಈ ಕಾಲು?

ಹೋದ ಶ್ರಾವಣದಲ್ಲಿ ಅವ್ವ ಪಾರವ್ವ ಸತ್ತಳು. ದಿನಾ ಸಂಜೆ ಫೋನು ಮಾಡಿ “ಉಂಡಿ?” ಎಂದು ಕೇಳುತ್ತಿದ್ದಳು, “ಉಂಡೆ” ಎನ್ನುತ್ತಿದ್ದ. ದಿನಕ್ಕೆ ಅಷ್ಟೇ ಕನ್ನಡ ಅವನ ಬಾಯಿಂದ ಹೊರಡುತ್ತಿದ್ದದ್ದು. ಅವಳು ಹೋದ ಮೇಲೆ ಅದೂ ನಿಂತಿತು. ಮದುವೆ ಆಗಿರಲಿಲ್ಲ. ಯಾವ ಭಾಷೆಯಲ್ಲಿ ಆಗಬೇಕು ಅನ್ನುವುದು ಗೊತ್ತಾಗದೆ ಉಳಿದುಬಿಟ್ಟಿತು ಎಂದು ಒಮ್ಮೆ ಹಿತೇಶನಿಗೆ ತಮಾಷೆ ಮಾಡಿದ್ದ. ಹಿತೇಶ್ ನಕ್ಕಿದ್ದ. ಅದು ತಮಾಷೆಯಲ್ಲ ಎಂದು ಘಣಸೋಲಿಗೆ ಹೋಗಿ ಕೋಣೆಯ ಬೀಗ ತೆಗೆಯುವಾಗ ಅವನಿಗೇ ಹೊಳೆದಿತ್ತು.

*

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಸ್ವಪ್ನಿಲ್‌ನ ಫೋನು ಬಂತು. ಡೊಂಬಿವಲಿಯ ಹುಡುಗ. ಇದೇ ತರಗತಿಯಲ್ಲಿ ಕಲಿತು ಹಿತೇಶನ ಕೈಯಿಂದಲೇ ಮಾಂಟ್ರಿಯಲ್‌ಗೆ ಹೋದವನು. ಭಾಗ್ಯಾ ಹೋಗಬೇಕಾದ ಅದೇ ಕಾಲೇಜಿನಲ್ಲಿದ್ದ. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಬೇಕರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಿಂತಿದ್ದ.

“ಸರ್, ಜೇವಣ ಝಾಲಂ?” ಎಂದ.

ಊಟವಾಯಿತೇ ಎಂದು ಕೇಳುವವರು ಈಗ ಇವನೊಬ್ಬನೇ. ಭುಜಂಗ ಅರ್ಧ ಬಿಚ್ಚಿದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. “ಝಾಲಂ,” ಎಂದ.

ಸ್ವಪ್ನಿಲ್ ಮರಾಠಿಯಲ್ಲಿ ಒಂದೇ ಸಮ ಮಾತಾಡಿದ. ಬಸ್ಸು ಬರುವುದರೊಳಗೆ ಮುಗಿಸಬೇಕು ಅನ್ನುವಂತಿತ್ತು. ಕಾಲೇಜು ಅಂದರೆ ಒಂದು ಅಂಗಡಿಯ ಮೇಲಿನ ಮಾಳಿಗೆ ಸರ್. ನಮ್ಮ ಕ್ಲಾಸಿನ ಹಾಗೇ. ಓದು ಮುಗಿದರೆ ಅಲ್ಲಿ ಕೆಲಸಕ್ಕೆ ಪರವಾನಗಿ ಕೊಡುವುದಿಲ್ಲವಂತೆ, ಈಗ ಹೇಳುತ್ತಿದ್ದಾರೆ. ಇಬ್ಬರು ಆಗಲೇ ಊರಿಗೆ ವಾಪಸು ಹೋದರು. ನಾನು ಯಾವ ಮುಖ ಇಟ್ಟುಕೊಂಡು ಬರಲಿ?

“ಫ್ರೆಂಚ್?” ಎಂದ ಭುಜಂಗ.

“ಮಾತಾಡ್ತೀನಿ ಸರ್. ನೀವು ಕಲಿಸಿದ ಹಾಗೇ ಮಾತಾಡ್ತೀನಿ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ. ಬೈದರೆ ಪರವಾಗಿರಲಿಲ್ಲ ಸರ್. ನಗ್ತಾ ಕೊಡ್ತಾರೆ.”

ಭುಜಂಗ ಚಪಾತಿ ಮುರಿದ. ತಿನ್ನಲಿಲ್ಲ.

“ಇನ್ನೊಂದು,” ಎಂದ ಸ್ವಪ್ನಿಲ್. “ನೀವಿದ್ದ ಮನೆ ನೋಡೋಣ ಅಂತ ಹೋದ ಭಾನುವಾರ ಹೋಗಿದ್ದೆ. ಫೋಟೋ ತೆಗೆದು ಕಳಿಸೋಣ, ಖುಷಿಯಾಗ್ತೀರಿ ಅಂತ. ಆ ನಂಬರಿಗೆ ಸ್ಮಶಾನದ ಗೋಡೆ ಇದೆ ಸರ್. ಉದ್ದಕ್ಕೂ ಸ್ಮಶಾನ.”

ದೂರದಲ್ಲಿ ಬಸ್ಸು ನಿಂತ ಸದ್ದು ಕೇಳಿಸಿತು.

“ಮನೆ ಕೆಡವಿರಬೇಕು,” ಎಂದ ಭುಜಂಗ.

“ಹೌದು ಸರ್, ಕೆಡವಿರಬೇಕು.” ಹುಡುಗನ ದನಿಯಲ್ಲಿ ಕೊಂಕು ಇರಲಿಲ್ಲ. ಕರುಣೆ ಇತ್ತು. ಅದು ಕೊಂಕಿಗಿಂತ ಕೆಟ್ಟದ್ದು. “ಇಲ್ಲಿಗೆ ಇನ್ಯಾರನ್ನೂ ಕಳಿಸಬೇಡಿ ಸರ್. ಹಿತೇಶ್ ಭಾಯ್‌ಗೂ ಹೇಳಿದೀನಿ.”

ಭುಜಂಗ ಡಬ್ಬಿ ಮುಚ್ಚಿ ಹಿತೇಶನ ಕೋಣೆಗೆ ಹೋದ. ಕಾರ್ಪೆಟ್ಟಿನ ಒದ್ದೆಯ ಮೇಲೆ ಹಳೆಯ ಪೇಪರು ಹಾಸಿದ್ದರು.

“ಸ್ವಪ್ನಿಲ್ ಫೋನ್ ಮಾಡಿದ್ದ.”

“ಅಳುಮುಂಜಿ,” ಎಂದ ಹಿತೇಶ್, ಮೊಬೈಲಿನಿಂದ ಕಣ್ಣು ತೆಗೆಯದೆ. “ಸರ್, ನಾವು ಬಾಗಿಲು ತೋರಿಸುವವರು. ಒಳಗೆ ಹೋದವನು ಜಾರಿ ಬಿದ್ದರೆ ಬಾಗಿಲಿನ ತಪ್ಪೇ? ನೀವು ಆ ಮಾಪಣ್ಣನ ಹತ್ತಿರ ಒಂದು ಮಾತು ಹೇಳಿಬಿಡಿ. ನಿಮ್ಮ ಮೇಲೆ ಅವನಿಗೆ ಏನೋ ನಂಬಿಕೆ ಹುಟ್ಟಿದೆ. ಹೋಗುವಾಗ ಕೆಳಗೆ ನಿಂತು ನಿಮ್ಮ ಬೋರ್ಡನ್ನೇ ನೋಡುತ್ತಿದ್ದ.”

ಭುಜಂಗ ಜಗಳಾಡಬಹುದಿತ್ತು. ಜಗಳಕ್ಕೂ ಒಂದು ಭಾಷೆ ಬೇಕು. ಅವನು ಆಗಲಿ ಅನ್ನುವಂತೆ ತಲೆಯಾಡಿಸಿ ಹೊರಗೆ ಬಂದ.

*

ಸಂಜೆ ಮಾಪಣ್ಣ ಮೇಲೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತಿದ್ದ. ಮಾರ್ಕೆಟ್ಟಿನಿಂದ ನೇರ ಬಂದಿರಬೇಕು, ಅಂಗಿಯ ಮೇಲೆ ಉಳ್ಳಾಗಡ್ಡಿ ಸಿಪ್ಪೆ ಅಂಟಿತ್ತು. ಭುಜಂಗ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದನ್ನೇ ನೋಡುತ್ತಿದ್ದು, ಹತ್ತಿರ ಬಂದೊಡನೆ ಮೆಲ್ಲಗೆ ಹೇಳಿದ.

“ಬರ್ರಿ ಸರ್. ಛಾ ಕುಡಿಯೋಣು.”

ಸ್ಕೈವಾಕ್ ಕೆಳಗಿನ ಗಾಡಿಯ ಹತ್ತಿರ ನಿಂತರು. ತಲೆಯ ಮೇಲೆ ಸಾವಿರ ಕಾಲು ದಡದಡ ನಡೆಯುತ್ತಿದ್ದವು. ಸ್ಟೇಶನ್ನಿನ ಮೈಕು ಕಸಾರಾ ಗಾಡಿ ತಡವೆಂದು ಮೂರು ಭಾಷೆಯಲ್ಲಿ ಹೇಳಿತು.

“ಯಾವೂರ್ರಿ ನಿಮ್ದು?”

“ಮತಲಬ್?” ಎಂದ ಭುಜಂಗ.

ಮಾಪಣ್ಣ ನಕ್ಕ. ತಂಬಾಕಿನ ಹಲ್ಲು ಕಾಣಿಸಿತು. “ಇರ್ಲಿ ಬಿಡ್ರಿ. ನಾ ಹಮಾಲರ ಮುಕದ್ದಮ್ ಇದ್ದೀನಿ. ದಿನಾ ನೂರು ಮಂದಿಗಿ ಕಾಲ್ ತಗೀರಿ, ಕಾಲ್ ತಗೀರಿ ಅಂತೀನಿ. ಮರಾಠಿಯವ ನನ್ನ ಮಾರಿ ನೋಡ್ತಾನ, ಯುಪಿ ಭಯ್ಯಾ ಮೊದಲು ಬೈತಾನ, ನಮ್ಮವ ಮೊದಲು ಕಾಲ್ ತಗೀತಾನ. ನೀವು ತಗದ್ರಿ.”

ಭುಜಂಗ ಗ್ಲಾಸನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಯಾಕ ಮುಚ್ಚಿ ಇಟ್ಟೀರಿ ಅಂತ ಕೇಳಲ್ಲ ನಾ. ಹೊಟ್ಟಿಪಾಡು. ನನ್ ಮಗಳು ನೋಡ್ರಿ, ಎಲ್ಲಾ ತಿಳೀತದ, ಕನ್ನಡ ಒಂದು ಬಾಯಾಗ ಬರಲ್ಲ. ಅಪ್ಪ ಹಮಾಲ ಅಂತ ಗೊತ್ತಾಗ್ತದಂತ ಅಂಜಿಕಿ.” ಒಂದು ಗುಟುಕು ಕುಡಿದ. “ಖೋಲಿ ಮಾರ್ಲಕ್ಕ ಗಿರಾಕಿ ಬಂದು ಕುಂತಾನ. ಮಾರಿದ್ರ ಮತ್ತ ಆ ಖೋಲಿ ನಂಗ ಈ ಜನ್ಮದಾಗ ಆಗಲ್ಲ. ಹೆಂಡ್ತಿ ಬಾಲಮ್ಮ ಅಳ್ಳಕತ್ತಾಳ. ಹಿತೇಶ ಹೋಗು ಅಂತಾನ. ಮಗಳು ಹೋಗ್ತೀನಂತಾಳ. ಆ ಊರು ಕಂಡು ಬಂದವರು ನೀವೊಬ್ಬರು. ಕಳಸ್ಲೋ ಬ್ಯಾಡೋ, ಒಂದು ಮಾತು ಹೇಳ್ರಿ. ಹಿಂದಿ ಒಳಗ ಬ್ಯಾಡ. ಹಿಂದಿ ಒಳಗ ಎಲ್ಲಾರೂ ಹೇಳ್ಯಾರ.”

ಉತ್ತರ ಭುಜಂಗನ ನಾಲಿಗೆಯ ಮೇಲೇ ಇತ್ತು. ಬ್ಯಾಡ. ಅದೊಂದೇ ಮಾತು ಸಾಕಿತ್ತು. ಊರಲ್ಲಿದ್ದಾಗ ಅವ್ವ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು. ಬಿಸಿಲಾಗ ಹೋಗಬ್ಯಾಡ, ತಣ್ಣಂದು ತಿನ್ನಬ್ಯಾಡ, ಅಷ್ಟು ದೂರ ಹೋಗಬ್ಯಾಡೋ ಭುಜಂಗ.

ಆದರೆ ಆ ಮಾತನ್ನು ಹೇಳಬೇಕಾದವನು ಯಾರು? ಮಾಂಟ್ರಿಯಲ್ ಕಂಡು ಬಂದವನು ಹೇಳಿದರೆ ಮಾಪಣ್ಣ ನಂಬಿಯಾನು, ಆದರೆ ಅಂಥವನೊಬ್ಬ ಇಲ್ಲ. ಸಿಂದಗಿ ಕಡೆಯ ಪಾರವ್ವನ ಮಗ ಹೇಳಬೇಕಾದರೆ, ಮೊದಲು ಬೋರ್ಡಿನವನನ್ನು ಇದೇ ರಸ್ತೆಯಲ್ಲಿ, ಈ ಹಮಾಲನೆದುರು, ಕೋಟು ಬಿಚ್ಚಿ ನಿಲ್ಲಿಸಬೇಕು. ಬಾಯಿ ತೆರೆದ. ಮಾತು ಹಲ್ಲಿನ ತನಕ ಬಂತು. ಅದರ ರುಚಿಯೂ ತಿಳಿಯಿತು.

“ಅಚ್ಛಾ ಕಾಲೇಜ್ ಹೈ,” ಎಂದ.

ಮೇಲೆ ಕಾಲುಗಳು ನಡೆಯುತ್ತಲೇ ಇದ್ದವು. ಮಾಪಣ್ಣ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಈಗ ಈತ ಉಗಿಯುತ್ತಾನೆ, ಉಗಿದರೆ ಒಳ್ಳೆಯದು ಎಂದು ಭುಜಂಗ ಕಾದ. ಹಾಗೇನೂ ಆಗಲಿಲ್ಲ. ಆ ಮುಖದ ಬಿಗಿ ಸಡಿಲವಾಯಿತು.

“ಆಯ್ತು ಬಿಡ್ರಿ. ನಿಮಗ ಮಂದಿ ಎದುರು ಮಾತಾಡ್ಲಕ್ಕ ಬರಲ್ಲ, ತಿಳೀತು. ಯಾವ ಭಾಷಾದಾಗರ ಹೇಳ್ರಿ, ನಮ್ಮವರು ಸುಳ್ಳು ಹೇಳಲ್ಲ.” ಭುಜಂಗನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದ. ಅಂಗೈ ಇಟ್ಟಿಗೆಯಷ್ಟು ಒರಟಾಗಿತ್ತು. “ಅಲ್ಲಿ ನಿಮ್ಮ ಗುರ್ತಿನವರು ಇದ್ದರ ಮಗಳಿಗಿ ಸ್ವಲ್ಪ ನೋಡ್ಕೋ ಅಂತ ಹೇಳ್ರಿ.”

ಫೋನು ತೆಗೆದು ಗಿರಾಕಿಗೋ ಹೆಂಡತಿಗೋ ಹೂಂ ಅನ್ನುತ್ತ ಅವನು ವಿಠ್ಠಲವಾಡಿಯ ರಿಕ್ಷಾ ಹತ್ತಿದ. ರಿಕ್ಷಾ ಹೊರಟ ಮೇಲೂ ಹೊರಗೆ ಚಾಚಿದ ಒಂದು ಕೈ ಟಾಟಾ ಮಾಡುತ್ತಿತ್ತು.

*

ಮೇಲೆ ಪೇಢೆ ಹಂಚುತ್ತಿದ್ದರು. ಅಪ್ಪ ಮಗಳಿಗೂ ಫೋನು ಮಾಡಿರಬೇಕು, ಸುದ್ದಿ ಭುಜಂಗನಿಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು. ಭುಜಂಗ ಚಪ್ಪಲಿಯನ್ನು ಹುಡುಗರ ಚಪ್ಪಲಿ ರಾಶಿಯ ಪಕ್ಕ ಬಿಟ್ಟು ಒಳಗೆ ಬಂದ. ಹಿತೇಶ್ ಅವನ ಬೆನ್ನು ತಟ್ಟಿದ.

ಭಾಗ್ಯಾ ಗುಂಪಿನಿಂದ ಬಂದು ಬಗ್ಗಿದಳು. ಅವಳ ಬೆರಳು ಅವನ ಪಾದಕ್ಕೆ ತಾಗಿತು. ಒಡೆದ ಹಿಮ್ಮಡಿಯ ಪಾದ. ಇಷ್ಟು ವರ್ಷ ಸಾಬೂನು ಹಚ್ಚಿ ತಿಕ್ಕಿದರೂ ಸಿಂದಗಿಯ ಎರೆಮಣ್ಣಿನ ಸೀಳು ಮುಚ್ಚಿರಲಿಲ್ಲ. ಕಾಲು ತೆಗೆಯಬೇಕು ಎಂದು ಅವನಿಗೆ ಬಲವಾಗಿ ಅನ್ನಿಸಿತು. ತೆಗಿ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

“ಮೆರ್ಸಿ, ಮಸ್ಯೂ,” ಎಂದು ಎದ್ದು ಫ್ರೆಂಚಿನಲ್ಲಿ ಧನ್ಯವಾದ ಹೇಳಿದಳು. ಉಚ್ಚಾರ ಅಚ್ಚುಕಟ್ಟಾಗಿತ್ತು. ಅವನೇ ತಿದ್ದಿ ತಿದ್ದಿ ಕೂಡಿಸಿದ ಉಚ್ಚಾರ. ಆಮೇಲೆ ದನಿ ತಗ್ಗಿಸಿ ಹಿಂದಿಯಲ್ಲಿ ಕೇಳಿದಳು. “ಸರ್, ಅಲ್ಲಿ ಮೊದಲ ದಿನ ಭಯ ಆಗ್ತದಾ?”

ನಿಜ ಹೇಳಲು ಇದು ಎರಡನೆಯ ಸಲ ಬಾಗಿಲು ತೆರೆದದ್ದು. ಗಿರಾಕಿ ಇನ್ನೂ ಹಣ ಕೊಟ್ಟಿರಲಿಕ್ಕಿಲ್ಲ. ಮಾಪಣ್ಣ ಇನ್ನೂ ರಿಕ್ಷಾದಲ್ಲೇ ಇರಬೇಕು.

“ಪಾಠ ಶುರು ಮಾಡೋಣ,” ಎಂದ ಭುಜಂಗ, ಫ್ರೆಂಚಿನಲ್ಲಿ.

ಎಲ್ಲರೂ ಕೂತರು. ಸ್ಪೀಕರ್ ಹಚ್ಚಿದ. ಹೆಣ್ಣುದನಿ ಮೊದಲ ಸ್ಟೇಶನ್ ಹೇಳಿತು. ಎಲ್ಲರೂ ಹೇಳಿದರು. ಎರಡನೆಯದು ಹೇಳಿತು. ಎಲ್ಲರೂ ಹೇಳಿದರು. ಪ್ರತಿ ಸಲ ದನಿಗೂ ದನಿಗೂ ನಡುವೆ ಒಂದು ಖಾಲಿ ಜಾಗ ಬರುತ್ತಿತ್ತು. ಅಲ್ಲಿ ಅವನು ವಿವರಣೆ ಕೊಡಬೇಕು: ಇಲ್ಲಿ ಇಳಿದರೆ ಇಂಥ ವಿಶ್ವವಿದ್ಯಾಲಯ, ಇಂಥ ಭಾಷೆ. ಅವನು ಕೊಡಲಿಲ್ಲ. ಹುಡುಗರು ಗಮನಿಸಲಿಲ್ಲ. ಅವರಿಗೆ ಅದೂ ಬಾಯಿಪಾಠವಾಗಿತ್ತು. ತಾವೇ ಹೇಳಿಕೊಂಡು ಮುಂದಿನ ಸ್ಟೇಶನ್ನಿಗೆ ಹೋದರು.

“ನೀರು ಕುಡಿದು ಬರ್ತೀನಿ,” ಎಂದು ಹಿಂದಿಯಲ್ಲಿ ಹೇಳಿ ಹೊರಗೆ ಬಂದ.

ನೀರಿನ ಹೂಜಿ ದಾಟಿದ. ಚಪ್ಪಲಿ ರಾಶಿ ದಾಟಿದ. ಮೆಟ್ಟಿಲಿಳಿದು ಬೋರ್ಡಿನ ಕೆಳಗೆ ಬಂದ ಮೇಲೆ ಕಾಲಿಗೆ ನೆಲದ ಬಿಸಿ ತಾಗಿ, ಚಪ್ಪಲಿ ಮೇಲೆಯೇ ಉಳಿಯಿತು ಎಂದು ಗೊತ್ತಾಯಿತು. ಹಿಂದಿರುಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಇರುವ ತನಕ ಸರ್ ಒಳಗೇ ಇದ್ದಾರೆ ಎಂದು ಅವರು ತಿಳಿಯುತ್ತಾರೆ. ಇಷ್ಟು ವರ್ಷವೂ ಹಾಗೆಯೇ ತಿಳಿದಿದ್ದರು.

ಮೇಲಿನ ಕಿಟಕಿಯಿಂದ ಸ್ಟೇಶನ್ನುಗಳ ಹೆಸರು ಬೀದಿಗೆ ಬೀಳುತ್ತಿದ್ದವು. ಸೀರೆ ಅಂಗಡಿಯವರು, ಲಿಂಬೆಹಣ್ಣು ಮಾರುವವರು, ಯಾರೂ ತಲೆ ಎತ್ತಲಿಲ್ಲ. ಅವನು ಸ್ಟೇಶನ್ ಕಡೆಗೆ ನಡೆದ, ಆಮೇಲೆ ಅದು ಬೇಡವೆನಿಸಿ ಮಾರ್ಕೆಟ್ ಕಡೆಗೆ ತಿರುಗಿದ. ಮಂದಿ ಎರಡೂ ಬದಿಯಿಂದ ತಿಕ್ಕುತ್ತ ಹೋದರು. ರಸ್ತೆಯ ನಡುವೆ, ತನಗೆ ಎಲ್ಲಿಗೂ ಹೋಗಬೇಕಾದ್ದಿಲ್ಲ ಎಂಬುದು ನೆನಪಾಗಿ, ನಿಂತ.

ಹಿಂದಿನಿಂದ ಕಬ್ಬಿಣದ ಸರಳು ಹೇರಿದ ಕೈಗಾಡಿ ಬರುತ್ತಿತ್ತು. ಎಳೆಯುವವನ ಮುಖ ಕಾಣಲಿಲ್ಲ, ಬಗ್ಗಿದ ತಲೆಯ ಮೇಲಿನ ಟವೆಲ್ಲಷ್ಟೇ ಕಾಣುತ್ತಿತ್ತು.

“ಕಾಲ್ ತಗೀರಿ, ಕಾಲ್ ತಗೀರಿ,” ಎಂದು ಅದರೊಳಗಿಂದ ದನಿ ಬಂತು.

ಭುಜಂಗನಿಗೆ ಸ್ಪಷ್ಟವಾಗಿ ಕೇಳಿಸಿತು. ತಿಳಿಯಿತು. ಅವನು ಬಗ್ಗಿ ತನ್ನ ಬಲಗಾಲನ್ನು ನೋಡಿದ. ಯಾರೋ ಯಾವುದೋ ಮನೆಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ ಚಪ್ಪಲಿಯಂತೆ ಅದು ಅಲ್ಲೇ ಇತ್ತು, ಅಲುಗದೆ. ಗಾಲಿ ಹತ್ತಿರ ಬರುತ್ತಿತ್ತು.